ಸ್ನಾಯುಪರೀಕ್ಷೆಯ ಪ್ರಾಮಾಣ್ಯ: ಒಂದು ವಿಮರ್ಶೆ

೧

ಯಾವ ಶಾಸ್ತ್ರವೇ ಆಗಲಿ, ಅದರ ಬೆಲೆ ಅದು ಅಂಗೀಕರಿಸುವ ಪ್ರಮಾಣಗಳ ಬೆಲೆಯನ್ನು ಮೀರಲಾರದು. ಇತಿಹಾಸಕ್ಕೆ ಶಾಸನ, ಕಡತ, ನಾಣ್ಯ, ಸಮಕಾಲೀನ ಬರವಣಿಗೆಗಳು ಹೇಗೋ, ವೈದ್ಯಕ್ಕೆ ರೋಗಲಕ್ಷಣ, ಪರೀಕ್ಷೆ, ಪ್ರಯೋಗಗಳು ಹಾಗೆ. ಈ ಎರಡು ಶಾಸ್ತ್ರಗಳ ಸಾಮಗ್ರಿ ಬೇರೆಯಾದರೂ ಅವು ತಮ್ಮ ಸಾಕ್ಷಿಗಳಿಗೆ ಹಾಕಬೇಕಾದ ಪ್ರಶ್ನೆಗಳು ಒಂದೇ. ಈ ಸಾಕ್ಷಿಗೆ ತಾನು ನುಡಿಯುತ್ತಿರುವ ಸಂಗತಿಯನ್ನು ತಿಳಿಯಲು ಅವಕಾಶವಿತ್ತೆ? ಅದು ಬೇರೊಬ್ಬರ ಇಚ್ಛೆಗೆ ಒಳಗಾಗದೆ ಸ್ವತಂತ್ರವಾಗಿ ನುಡಿಯುತ್ತಿದೆಯೆ? ಈ ಎರಡು ಪ್ರಶ್ನೆಗಳಿಗೆ ಸಮರ್ಪಕವಾದ ಉತ್ತರ ದೊರೆಯದಿದ್ದರೆ ಸಾಕ್ಷಿಯು ಎಷ್ಟು ಗಟ್ಟಿಯಾಗಿ ನುಡಿದರೂ ಅದನ್ನು ಪ್ರಮಾಣವೆಂದು ಸ್ವೀಕರಿಸಲಾಗದು.

ಅಮೆರಿಕದಲ್ಲಿ ೧೯೬೪ರಿಂದೀಚೆಗೆ ರೂಢಿಗೆ ಬಂದು ಪ್ರಪಂಚದ ನಾನಾ ದೇಶಗಳಿಗೆ ಹಬ್ಬಿರುವ ‘ಸ್ನಾಯುಪರೀಕ್ಷೆ’ ಎಂಬ ರೋಗನಿರ್ಣಯಕ್ರಮವನ್ನು ಈ ಎರಡು ಪ್ರಶ್ನೆಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪರೀಕ್ಷೆಯ ವಿಧಾನ ಸರಳವಾದುದು. ಪರೀಕ್ಷಿಸಲ್ಪಡುವವನು ತನ್ನ ತೋಳನ್ನು ನೇರವಾಗಿ ಚಾಚಿ ನಿಲ್ಲುತ್ತಾನೆ. ಪರೀಕ್ಷಕನು ಅದನ್ನು ಮೇಲಿಂದ ಒತ್ತುತ್ತಾನೆ. ತೋಳು ಎದುರೊತ್ತಿ ನಿಂತರೆ ‘ಬಲ’, ಕೆಳಗೆ ಜಾರಿದರೆ ‘ದುರ್ಬಲ’. ಇಷ್ಟೇ ಆಗಿದ್ದರೆ ಆಕ್ಷೇಪಿಸಲು ಏನೂ ಇರುತ್ತಿರಲಿಲ್ಲ. ಆದರೆ ಇದರ ಪ್ರತಿಪಾದಕರು ತೋಳಿನ ಬಲಾಬಲದಿಂದ ತೋಳಿಗೆ ಸಂಬಂಧವೇ ಇಲ್ಲದ ಸಂಗತಿಗಳನ್ನು ತಿಳಿಯಬಹುದೆನ್ನುತ್ತಾರೆ: ಯಕೃತ್ತಿನ ಸ್ಥಿತಿ, ದೇಹಕ್ಕೆ ಬೇಕಾದ ಜೀವಸತ್ತ್ವ, ಒಗ್ಗದ ಆಹಾರ, ಕೈಯಲ್ಲಿ ಹಿಡಿದ ಮುಚ್ಚಿದ ಸೀಸೆಯೊಳಗಿನ ಔಷಧದ ಗುಣ, ಕೊನೆಗೆ ಒಂದು ವಾಕ್ಯದ ಸತ್ಯಾಸತ್ಯತೆ ಕೂಡ.

ಪರಿಭಾಷೆಯ ವಿಷಯದಲ್ಲಿ ಒಂದು ಮಾತು. ಆಯುರ್ವೇದ ಗ್ರಂಥಗಳಲ್ಲಿ ‘ಸ್ನಾಯು’ ಎಂದರೆ ಸಂಧಿಗಳನ್ನು ಬಿಗಿದು ಹಿಡಿಯುವ ಕಟ್ಟು. ಮಾಂಸದ ಖಂಡಕ್ಕೆ ‘ಪೇಶಿ’ ಎಂದು ಹೆಸರು. ಈಗಿನ ಕನ್ನಡದಲ್ಲಿ ಮಾಂಸಪೇಶಿಯನ್ನೇ ಸ್ನಾಯುವೆನ್ನುವುದು ರೂಢಿಯಾಗಿರುವುದರಿಂದ ಇಲ್ಲಿಯೂ ಆ ಅರ್ಥವನ್ನೇ ಅನುಸರಿಸಿದೆ.

೨

ಸ್ನಾಯುಗಳ ಬಲವನ್ನು ಕೈಯಿಂದ ಅಳೆಯುವ ಕ್ರಮಕ್ಕೆ ಗೌರವಾರ್ಹವಾದ ಪೂರ್ವೇತಿಹಾಸವುಂಟು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಪೋಲಿಯೊ ಪಿಡುಗು ಮಕ್ಕಳ ಕೈಕಾಲುಗಳನ್ನು ಕಸಿಯುತ್ತಿದ್ದಾಗ, ಬಾಸ್ಟನ್ ನಗರದ ಮೂಳೆವೈದ್ಯ ರಾಬರ್ಟ್ ಲವೆಟ್ ಅವರೂ ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್ ಅವರೂ ಯಾವ ಸ್ನಾಯು ಎಷ್ಟರಮಟ್ಟಿಗೆ ಉಳಿದಿದೆಯೆಂಬುದನ್ನು ಕ್ರಮಬದ್ಧವಾಗಿ ಗುರುತಿಸುವ ವಿಧಾನವನ್ನು ರೂಪಿಸಿದರು. ರೈಟ್ ಅವರ ಪ್ರಬಂಧ ೧೯೧೨ರಲ್ಲಿಯೂ ಲವೆಟ್ ಅವರ ಗ್ರಂಥ ೧೯೧೬ರಲ್ಲಿಯೂ ಪ್ರಕಟವಾದುವು. ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಯಿಲೆ ಪೋಲಿಯೊ ಎಂದು ೧೯೨೧ರಲ್ಲಿ ನಿರ್ಣಯಿಸಿದವರು ಈ ಲವೆಟ್ ಅವರೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯು ನರಕ್ಕೆ ಗಾಯವಾದ ಸೈನಿಕರ ಪರೀಕ್ಷೆಗಾಗಿ ಸೊನ್ನೆಯಿಂದ ೫ರವರೆಗಿನ ಶ್ರೇಣಿಯೊಂದನ್ನು ನಿಗದಿ ಮಾಡಿತು. ೧೯೪೯ರಲ್ಲಿ ಹೆನ್ರಿ ಕೆಂಡಾಲ್ ಮತ್ತು ಫ್ಲಾರೆನ್ಸ್ ಕೆಂಡಾಲ್ ದಂಪತಿಗಳು ಪ್ರಕಟಿಸಿದ ಕೈಪಿಡಿ ಈ ವಿದ್ಯೆಯ ಆಧಾರಗ್ರಂಥವಾಯಿತು. ಈ ಶ್ರೇಣಿಯನ್ನು ನರರೋಗತಜ್ಞರೂ ಅಂಗಸಾಧಕರೂ ಇಂದಿಗೂ ದಿನನಿತ್ಯ ಬಳಸುತ್ತಾರೆ.

ಇಲ್ಲಿ ಗಮನಿಸಬೇಕಾದುದು ಸಾಕ್ಷಿಗೂ ಸಂಗತಿಗೂ ಇರುವ ಸಂಬಂಧ. ಪೋಲಿಯೊ ವಿಷಾಣು ಬೆನ್ನುಹುರಿಯ ಚಾಲಕಕೋಶಗಳನ್ನು ಕೊಲ್ಲುತ್ತದೆ. ಆ ಕೋಶಗಳ ಅಧೀನದಲ್ಲಿದ್ದ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಭಾರವನ್ನು ಎತ್ತಲಾರದು. ಕಾರಣದಿಂದ ಕಾರ್ಯದವರೆಗೆ ಸರಪಣಿಯ ಒಂದು ಕೊಂಡಿಯೂ ತಪ್ಪಿಲ್ಲ. ತೋಳು ಇಲ್ಲಿ ತನ್ನ ವಿಷಯವಾಗಿಯೇ ಸಾಕ್ಷಿ ನುಡಿಯುತ್ತಿದೆ.

೧೯೬೪ರಲ್ಲಿ ಈ ವಿದ್ಯೆಗೆ ಬೇರೊಂದು ತಿರುವು ಬಂದಿತು. ಡೆಟ್ರಾಯಿಟ್ ನಗರದ ಜಾರ್ಜ್ ಗುಡ್‌ಹಾರ್ಟ್ (೧೯೧೮–೨೦೦೮) ಕೈರೋಪ್ರ್ಯಾಕ್ಟಿಕ್ ಪಂಥದ ಚಿಕಿತ್ಸಕರು. ಬೆನ್ನೆಲುಬಿನ ಮಣಿಗಳನ್ನು ಒತ್ತಿ ಸರಿಪಡಿಸಿದರೆ ರೋಗ ಶಮನವಾಗುವುದೆಂಬ ತತ್ತ್ವದ ಮೇಲೆ ಡಿ. ಡಿ. ಪಾಮರ್ ಅವರು ೧೮೯೫ರಲ್ಲಿ ಅಯೋವ ಸಂಸ್ಥಾನದ ಡ್ಯಾವನ್‌ಪೋರ್ಟಿನಲ್ಲಿ ಆರಂಭಿಸಿದ ಪಂಥವಿದು. ಗುಡ್‌ಹಾರ್ಟ್ ಅವರೇ ಹೇಳಿಕೊಂಡಿರುವಂತೆ, ಕೈಯನ್ನು ಮುಂದಕ್ಕೆ ನೂಕಲಾರದ ರೋಗಿಯೊಬ್ಬನ ಪಕ್ಕೆಯ ಸ್ನಾಯುವನ್ನು ಕೆಂಡಾಲ್ ದಂಪತಿಗಳ ಕ್ರಮದಲ್ಲಿ ಪರೀಕ್ಷಿಸಿದಾಗ ಅದು ದುರ್ಬಲವೆಂದು ಕಂಡಿತು. ಸ್ನಾಯು ಎಲುಬಿಗೆ ಕೂಡುವೆಡೆಯಲ್ಲಿದ್ದ ಗಂಟುಗಳನ್ನು ಒತ್ತಿ ಉಜ್ಜಿದಾಗ ಒಡನೆಯೇ ಬಲ ಮರಳಿತು. ಈ ಒಂದು ಅನುಭವದ ಮೇಲೆ ‘ಅಪ್ಲೈಡ್ ಕಿನಿಸಿಯಾಲಜಿ’ ಎಂಬ ಪದ್ಧತಿ ಎದ್ದಿತು. ಆ ಮೇಲೆ ಚ್ಯಾಪ್‌ಮನ್ ಎಂಬವರು ಹೇಳಿದ್ದ ಪ್ರತಿವರ್ತನ ಬಿಂದುಗಳು, ಬೆನೆಟ್ ಎಂಬವರು ಹೇಳಿದ್ದ ರಕ್ತನಾಳ ಬಿಂದುಗಳು, ಚೀನೀಯರ ಸೂಜಿಚಿಕಿತ್ಸೆಯ ಪ್ರಾಣಪಥಗಳು ಒಂದೊಂದಾಗಿ ಇದರೊಳಕ್ಕೆ ಸೇರಿದುವು. ಪ್ರತಿಯೊಂದು ಸ್ನಾಯುವಿಗೂ ಒಂದು ಒಳ ಅವಯವವನ್ನು ಜೋಡಿಸಿದುದಾಯಿತು.

ಈ ಸಂಯೋಜನೆಯಲ್ಲಿಯೇ ಪ್ರಥಮ ದೋಷ ಅಡಗಿದೆ. ಲವೆಟ್ ಅವರ ವಿಧಾನದ ಕೀರ್ತಿಯನ್ನು ಉಳಿಸಿಕೊಂಡು ಅದರ ಆಧಾರವನ್ನು ಮಾತ್ರ ಬಿಟ್ಟುದಾಯಿತು. ತೊಡೆಯ ಸ್ನಾಯುವಿನಿಂದ ಕರುಳಿನ ಸ್ಥಿತಿಗೆ ಹೋಗುವ ಸರಪಣಿಯ ಕೊಂಡಿಗಳಾವುವೆಂದು ಕೇಳಿದರೆ, ಅಂಗರಚನಾಶಾಸ್ತ್ರದಿಂದ ದೊರೆಯುವ ಉತ್ತರವಿಲ್ಲ. ೨೦೦೭ರಲ್ಲಿ ಕತ್‌ಬರ್ಟ್ ಮತ್ತು ಗುಡ್‌ಹಾರ್ಟ್ ಅವರು ಸ್ನಾಯುಬಲ ಪರೀಕ್ಷೆಯ ವಿಶ್ವಾಸಾರ್ಹತೆಯನ್ನು ಸಮರ್ಥಿಸುವ ದೀರ್ಘ ಸಮೀಕ್ಷೆಯೊಂದನ್ನು ಪ್ರಕಟಿಸಿದಾಗ, ಅದೇ ವರ್ಷ ಹಾಸ್ ಮತ್ತು ಅವರ ಸಂಗಡಿಗರು ಬರೆದ ಉತ್ತರ ಈ ಗೊಂದಲವನ್ನೇ ಎತ್ತಿ ತೋರಿಸಿತು: ಒಂದನೆಯ ವಿದ್ಯೆಯ ಪರವಾಗಿರುವ ಅಧ್ಯಯನಗಳನ್ನು ಎರಡನೆಯದರ ಪರವಾಗಿ ಎಣಿಸಲಾಗದು. ಉತ್ತರ ಕೊಟ್ಟವರು ಕೈರೋಪ್ರ್ಯಾಕ್ಟಿಕ್ ಪಂಥದ ಹೊರಗಿನವರಲ್ಲ, ಅದರ ಒಳಗಿನ ಸಂಶೋಧಕರೇ ಎಂಬುದು ಸ್ಮರಣೀಯ.

೩

ಆಧಾರದಿಂದ ಒಮ್ಮೆ ಬಿಡುಗಡೆ ಹೊಂದಿದ ವಿದ್ಯೆ ಎಲ್ಲಿಯವರೆಗೆ ಸಾಗಬಹುದೆಂಬುದಕ್ಕೆ ಮುಂದಿನ ಮೂರು ದಶಕಗಳ ಚರಿತ್ರೆ ನಿದರ್ಶನವಾಗಿದೆ. ೧೯೭೩ರಲ್ಲಿ ಜಾನ್ ಥೀ ಅವರು ‘ಟಚ್ ಫಾರ್ ಹೆಲ್ತ್’ ಎಂಬ ಪುಸ್ತಕದ ಮೂಲಕ ಇದನ್ನು ಮನೆಮನೆಯಲ್ಲಿ ಸಾಮಾನ್ಯ ಜನರೇ ಮಾಡಬಹುದಾದ ವಿದ್ಯೆಯನ್ನಾಗಿ ಸುಲಭಗೊಳಿಸಿದರು. ೧೯೭೯ರಲ್ಲಿ ಮನೋವೈದ್ಯ ಜಾನ್ ಡೈಮಂಡ್ ಅವರು, ಸಕ್ಕರೆ ಮಾತ್ರವಲ್ಲದೆ ಕೆಲವು ಬಗೆಯ ಸಂಗೀತದ ಲಯವೂ ತೋಳಿನ ಬಲವನ್ನು ಕುಂದಿಸುವುದೆಂದು ಬರೆದರು; ಅವರ ಪುಸ್ತಕವು ದೇಹ ಸುಳ್ಳಾಡದೆಂಬ ಅರ್ಥದ ಶೀರ್ಷಿಕೆಯಿಂದ ಪ್ರಸಿದ್ಧವಾಯಿತು. ಕೇರಳದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲಸಿದ ದೇವಿ ನಂಬೂದಿರಿಪಾಡ್ ಅವರು ೧೯೮೩ರಲ್ಲಿ ಸ್ನಾಯುಪರೀಕ್ಷೆಯನ್ನೂ ಸೂಜಿಚಿಕಿತ್ಸೆಯ ಬಿಂದುಗಳನ್ನೂ ಕೂಡಿಸಿ ಅಲರ್ಜಿಯನ್ನು ನಿವಾರಿಸುವುದೆಂಬ ಪದ್ಧತಿಯೊಂದನ್ನು ಸ್ಥಾಪಿಸಿದರು. ಒಮೂರ ಎಂಬವರು ಹೆಬ್ಬೆರಳು ಮತ್ತು ಇನ್ನೊಂದು ಬೆರಳನ್ನು ಉಂಗುರದಂತೆ ಕೂಡಿಸಿ ಬಿಡಿಸುವ ಪರೀಕ್ಷೆಯನ್ನು ರೂಪಿಸಿ ೧೯೯೩ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದರು. ಪೇಟೆಂಟು ಹೊಸತನಕ್ಕೆ ಸಲ್ಲುವ ಹಕ್ಕೇ ಹೊರತು ಚಿಕಿತ್ಸೆಯ ಸಾಫಲ್ಯಕ್ಕೆ ಕೊಟ್ಟ ಪ್ರಮಾಣಪತ್ರವಲ್ಲವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಈ ಶಾಖೋಪಶಾಖೆಗಳಲ್ಲೆಲ್ಲ ಸಮಾನವಾದುದು ಒಂದು ಪ್ರತಿಜ್ಞೆ: ಬುದ್ಧಿಗೆ ಗೊತ್ತಿಲ್ಲದುದು ದೇಹಕ್ಕೆ ಗೊತ್ತು, ದೇಹವನ್ನು ಕೇಳಿದರೆ ಅದು ಹೇಳುತ್ತದೆ. ಈ ಪ್ರತಿಜ್ಞೆಯನ್ನು ಅಸಂಭವವೆಂದು ಮೊದಲೇ ತಳ್ಳಿಹಾಕುವುದು ವಿಮರ್ಶಕನಿಗೆ ಉಚಿತವಲ್ಲ. ದೇಹಕ್ಕೆ ಅನೇಕ ಸಂಗತಿಗಳು ನಮ್ಮ ಅರಿವಿಗೆ ಬಾರದೆಯೇ ತಿಳಿದಿರುತ್ತವೆ. ಆದಕಾರಣ ಇಲ್ಲಿ ನಿರ್ಣಾಯಕವಾಗತಕ್ಕುದು ಪರೀಕ್ಷೆಯೊಂದೇ.

೪

ಪರೀಕ್ಷೆ ಮಾಡಿದವರು ಕಂಡುದೇನು? ೧೯೮೮ರಲ್ಲಿ ಕೆನಿ, ಕ್ಲೆಮೆನ್ಸ್, ಫಾರ್‌ಸೈತ್ ಎಂಬ ಮೂವರು ಅಮೆರಿಕದ ಪಥ್ಯಶಾಸ್ತ್ರಜ್ಞರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬಹುದು. ಈ ವಿದ್ಯೆಯಲ್ಲಿ ನುರಿತ ೩ ಮಂದಿ ಪರೀಕ್ಷಕರು ೧೧ ಮಂದಿಯನ್ನು ಪ್ರತ್ಯೇಕ ಪ್ರತ್ಯೇಕವಾಗಿ ಪರೀಕ್ಷಿಸಿ, ಥಯಮಿನ್, ಸತು, ಎ ಮತ್ತು ಸಿ ಜೀವಸತ್ತ್ವಗಳು ಎಂಬ ೪ ಪೋಷಕಾಂಶಗಳಲ್ಲಿ ಯಾವುದರ ಕೊರತೆಯಿದೆಯೆಂದು ನಿರ್ಣಯಿಸಿದರು. ಆ ಮೂವರ ನಿರ್ಣಯಗಳು ಪರಸ್ಪರ ಹೊಂದಲಿಲ್ಲ. ಪ್ರಯೋಗಶಾಲೆಯ ಜೀವರಾಸಾಯನಿಕ ಪರೀಕ್ಷೆಗಳೊಡನೆಯೂ ಹೊಂದಲಿಲ್ಲ. ಯಂತ್ರದಿಂದ ಅಳೆದ ಸ್ನಾಯುಬಲದೊಡನೆಯೂ ಹೊಂದಲಿಲ್ಲ. ಪೋಷಕಾಂಶಕ್ಕೂ ಬರಿಯ ಹುಸಿಗುಳಿಗೆಗೂ ಸ್ನಾಯುಗಳು ತೋರಿದ ಪ್ರತಿಕ್ರಿಯೆಯಲ್ಲಿ ಭೇದವಿರಲಿಲ್ಲ. ೨೦೦೧ರಲ್ಲಿ ಲ್ಯೂಟ್ಕೆ ಮತ್ತು ಅವರ ಸಂಗಡಿಗರು ಕಣಜದ ವಿಷ ತೀವ್ರವಾಗಿ ಒಗ್ಗದ ೭ ಮಂದಿಯನ್ನು ೪ ಪರೀಕ್ಷಕರಿಂದ ಪರೀಕ್ಷಿಸಿದರು. ಯಾವ ಸೀಸೆಯಲ್ಲಿ ವಿಷವಿದೆ, ಯಾವುದರಲ್ಲಿ ಇಲ್ಲ ಎಂಬುದು ಪರೀಕ್ಷಕರಿಗೆ ತಿಳಿಯದಂತೆ ಏರ್ಪಡಿಸಿತ್ತು. ಕಣಜ ಕಡಿದರೆ ಪ್ರಾಣಾಪಾಯವಾಗಬಹುದಾದಂಥವರ ತೋಳುಗಳು ಕೂಡ ವಿಷವನ್ನು ಗುರುತಿಸಲಿಲ್ಲ. ಫಲಿತಾಂಶ ನಾಣ್ಯ ಚಿಮ್ಮಿ ಹೇಳಿದುದಕ್ಕಿಂತ ಮೇಲಾಗಿರಲಿಲ್ಲ.

ಒರಿಗನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ರೇ ಹೈಮನ್ ಅವರು ೧೯೯೯ರ ಪ್ರಬಂಧವೊಂದರಲ್ಲಿ ವರ್ಣಿಸಿರುವ ಪ್ರಸಂಗ ಇವೆರಡಕ್ಕಿಂತ ಬೋಧಪ್ರದವಾದುದು. ನಾಲಗೆಯ ಮೇಲೆ ಗ್ಲೂಕೋಸ್ ಹನಿಯನ್ನಿಟ್ಟರೆ ತೋಳು ದುರ್ಬಲವಾಗುವುದೆಂದೂ ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಹನಿಯನ್ನಿಟ್ಟರೆ ಬಲವಾಗಿಯೇ ನಿಲ್ಲುವುದೆಂದೂ ಕೈರೋಪ್ರ್ಯಾಕ್ಟಿಕ್ ಚಿಕಿತ್ಸಕರ ತಂಡವೊಂದು ತೋರಿಸಿಕೊಟ್ಟಿತು. ಆದರೆ ಯಾವ ಹನಿ ಯಾವುದೆಂಬುದು ಇಬ್ಬರಿಗೂ ತಿಳಿಯದಂತೆ ಮಾಡಿದೊಡನೆ ಹನಿಗೂ ತೋಳಿನ ಬಲಕ್ಕೂ ಸಂಬಂಧವೇ ಕಾಣಲಿಲ್ಲ. ಫಲಿತಾಂಶವನ್ನು ಕೇಳಿದ ತಂಡದ ಹಿರಿಯರು, ಇಂಥ ಉಭಯಾಂಧ ಪರೀಕ್ಷೆಗಳು ಎಂದೂ ಫಲಿಸುವುದಿಲ್ಲ, ಆದುದರಿಂದಲೇ ನಾವು ಅವನ್ನು ಮಾಡುವುದನ್ನು ಬಿಟ್ಟಿದ್ದೇವೆ ಎಂಬರ್ಥದ ಮಾತನ್ನು ಗಂಭೀರವಾಗಿಯೇ ಹೇಳಿದರಂತೆ. ಪರೀಕ್ಷೆಯು ಪದ್ಧತಿಗೆ ವಿರುದ್ಧವಾದಾಗ ಪದ್ಧತಿಯನ್ನು ಬಿಡಬಹುದು, ಪರೀಕ್ಷೆಯನ್ನೂ ಬಿಡಬಹುದು. ಒಂದು ವಿದ್ಯೆ ಶಾಸ್ತ್ರವೋ ಶ್ರದ್ಧೆಯೋ ಎಂಬುದು ಈ ಆಯ್ಕೆಯಲ್ಲಿ ತಿಳಿದುಬರುತ್ತದೆ.

ಪ್ರತಿಪಕ್ಷದಲ್ಲಿ ಹೇಳತಕ್ಕುದೂ ಕೆಲವುಂಟು. ಅದನ್ನು ಮರೆಮಾಡುವುದು ವಿಮರ್ಶಾಧರ್ಮವಲ್ಲ. ೧೯೯೯ರಲ್ಲಿ ಮಾಂಟಿ ಮತ್ತು ಅವರ ಸಂಗಡಿಗರು ೮೯ ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ತಮ್ಮ ವಿಷಯವಾಗಿ ನಿಜವಾದ ವಾಕ್ಯವನ್ನು ನುಡಿಯುವಾಗ ಅವರ ತೋಳು ತಡೆದ ಒತ್ತಡ, ಸುಳ್ಳು ವಾಕ್ಯವನ್ನು ನುಡಿಯುವಾಗ ತಡೆದುದಕ್ಕಿಂತ ಶೇಕಡ ಸುಮಾರು ೧೭ರಷ್ಟು ಹೆಚ್ಚಾಗಿತ್ತು. ೨೦೧೬ರಲ್ಲಿ ಜೆನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಎರಡು ಪ್ರಯೋಗಗಳಲ್ಲಿ ಪರೀಕ್ಷಕರು ಸ್ನಾಯುಪರೀಕ್ಷೆಯ ಮೂಲಕ ನಿಜವನ್ನೂ ಸುಳ್ಳನ್ನೂ ೧೦೦ಕ್ಕೆ ಸುಮಾರು ೬೦ರಿಂದ ೬೬ ಸಲ ಸರಿಯಾಗಿ ಗುರುತಿಸಿದರು. ಇದು ಬರಿಯ ಊಹೆಗಿಂತ ಮೇಲು. ಆದರೆ ಈ ಪ್ರಯೋಗಗಳಲ್ಲಿ ನುಡಿದವನಿಗೆ ತಾನು ನುಡಿದುದು ನಿಜವೋ ಸುಳ್ಳೋ ಎಂಬುದು ಮೊದಲೇ ತಿಳಿದಿತ್ತೆಂಬುದನ್ನು ಮರೆಯಬಾರದು. ತಿಳಿದು ಸುಳ್ಳು ಹೇಳುವವನ ದನಿ ನಡುಗುವಂತೆ ತೋಳೂ ಒಂದಿಷ್ಟು ಸಡಿಲಬಹುದು. ಇದರಿಂದ ಸಿದ್ಧವಾಗುವುದು ಇಷ್ಟೇ: ಮನಸ್ಸಿಗೆ ತಿಳಿದಿರುವುದನ್ನು ದೇಹ ಕೆಲವೊಮ್ಮೆ ಹೊರಗೆಡಹುತ್ತದೆ. ಮನಸ್ಸಿಗೆ ತಿಳಿಯದುದನ್ನು ದೇಹ ಬಲ್ಲದೆಂಬುದು ಇದರಿಂದ ಸಿದ್ಧವಾಗುವುದಿಲ್ಲ. ಸೀಸೆಯೊಳಗಿನ ವಿಷ, ರಕ್ತದಲ್ಲಿನ ಸತು ಎರಡನೆಯ ವರ್ಗಕ್ಕೆ ಸೇರಿದುವು. ಅಲ್ಲಿ ಪರೀಕ್ಷೆ ಸೋತಿದೆ. ನಮ್ಮ ಮೊದಲನೆಯ ಪ್ರಶ್ನೆಗೆ, ಸಾಕ್ಷಿಗೆ ತಿಳಿಯಲು ಅವಕಾಶವಿತ್ತೆ ಎಂಬುದಕ್ಕೆ, ದೊರೆಯುವ ಉತ್ತರ ಇದೇ.

೫

ಇನ್ನು ಎರಡನೆಯ ಪ್ರಶ್ನೆ: ಸಾಕ್ಷಿ ಸ್ವತಂತ್ರವೆ? ಇದನ್ನು ಯೋಚಿಸುವಾಗ ಪರೀಕ್ಷಕರನ್ನು ವಂಚಕರೆಂದು ಭಾವಿಸಬೇಕಾದ ಅಗತ್ಯವಿಲ್ಲ. ಅವರಲ್ಲಿ ಬಹುಮಂದಿ ಪ್ರಾಮಾಣಿಕರು. ಪ್ರಾಮಾಣಿಕರು ಹೇಗೆ ಭ್ರಮೆಗೊಳಗಾಗುತ್ತಾರೆಂಬುದೇ ಇಲ್ಲಿನ ವಿಷಯ.

೧೮೩೩ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರೆಲ್ ಅವರು ಭೌತಶಾಸ್ತ್ರಜ್ಞ ಆಂಪಿಯರ್ ಅವರಿಗೆ ಒಂದು ಬಹಿರಂಗ ಪತ್ರವನ್ನು ಬರೆದರು. ದಾರದಿಂದ ತೂಗುಬಿಟ್ಟ ಗುಂಡು ಕೆಲವು ವಸ್ತುಗಳ ಮೇಲೆ ತಾನಾಗಿ ತೂಗುವುದೆಂಬ ನಂಬಿಕೆಯನ್ನು ಅವರು ತಮ್ಮ ಕೈಯಲ್ಲಿಯೇ ಪರೀಕ್ಷಿಸಿದ್ದರು, ಗುಂಡು ತೂಗಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಡಿದಾಗ ತೂಗಾಟ ನಿಂತಿತು. ೧೮೫೨ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಕಾರ್ಪೆಂಟರ್ ಅವರು ಇಚ್ಛೆಯಿಲ್ಲದೆ ಕೇವಲ ಭಾವನೆಯ ಬಲದಿಂದಲೇ ಉಂಟಾಗುವ ಇಂಥ ಚಲನೆಗೆ ಹೆಸರು ಕೊಟ್ಟರು. ಕನ್ನಡದಲ್ಲಿ ಇದನ್ನು ‘ಭಾವಪ್ರೇರಿತ ಚಲನೆ’ ಎನ್ನಬಹುದು. ಮರು ವರ್ಷವೇ ಮೈಕೆಲ್ ಫ್ಯಾರಡೆ, ಸುತ್ತ ಕುಳಿತವರು ಕೈಯಿಟ್ಟೊಡನೆ ತಿರುಗುತ್ತಿದ್ದ ಮೇಜುಗಳ ರಹಸ್ಯವನ್ನು ಶೋಧಿಸಿದರು. ಕೈಗೂ ಮೇಜಿಗೂ ನಡುವೆ ಸ್ವಲ್ಪ ಸರಿಯಬಲ್ಲ ಪದರಗಳನ್ನಿರಿಸಿ ಯಾವುದು ಮೊದಲು ಸರಿಯುವುದೆಂದು ನೋಡಿದಾಗ, ಮೇಜಿಗಿಂತ ಮೊದಲು ಕೈ ಸರಿದುದು ಸ್ಪಷ್ಟವಾಯಿತು. ಕೈಯ ಒತ್ತಡವನ್ನು ತೋರುವ ಮುಳ್ಳೊಂದನ್ನು ಅವರ ಕಣ್ಣೆದುರಿಗಿಟ್ಟಾಗ ಮೇಜು ತಿರುಗುವುದೇ ನಿಂತಿತು.

೧೯೦೪ರಲ್ಲಿ ಬರ್ಲಿನ್ ನಗರವನ್ನು ಬೆರಗುಗೊಳಿಸಿದ ‘ಹಾನ್ಸ್’ ಎಂಬ ಕುದುರೆಯ ವೃತ್ತಾಂತವೂ ಇದೇ ಜಾತಿಯದು. ಲೆಕ್ಕವನ್ನು ಕೇಳಿದರೆ ಕುದುರೆ ಗೊರಸನ್ನು ಕುಟ್ಟಿ ಉತ್ತರ ಹೇಳುತ್ತಿದ್ದಿತು. ಪಂಡಿತರ ಮಂಡಲಿಯು ಪರಿಶೀಲಿಸಿ ಯಾವ ಮೋಸವೂ ಇಲ್ಲವೆಂದಿತು. ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕರು, ಪ್ರಶ್ನೆ ಕೇಳುವವನಿಗೇ ಉತ್ತರ ತಿಳಿಯದಿದ್ದಾಗ ಕುದುರೆಗೂ ತಿಳಿಯದೆಂಬುದನ್ನು ಕಂಡುಹಿಡಿದು ೧೯೦೭ರಲ್ಲಿ ಪ್ರಕಟಿಸಿದರು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನಿಸಿದವನ ತಲೆ ಅವನಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿದ್ದಿತು. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿದ್ದಿತು.

ಸ್ನಾಯುಪರೀಕ್ಷೆಯಲ್ಲಿ ಈ ಅವಕಾಶ ಇಮ್ಮಡಿಯಾಗಿದೆ. ಒತ್ತುವವನೂ ಮನುಷ್ಯ, ಎದುರೊತ್ತುವವನೂ ಮನುಷ್ಯ. ಒತ್ತಡದ ಪ್ರಮಾಣ, ಕೋನ, ವೇಗ, ಕಾಲಗಳಲ್ಲಿ ಯಾವುದು ಕಿಂಚಿತ್ತು ಬದಲಾದರೂ ತೋಳು ನಿಲ್ಲುವುದೋ ಜಾರುವುದೋ ಎಂಬುದು ಬದಲಾಗುತ್ತದೆ. ಇಬ್ಬರಿಗೂ ನಿರೀಕ್ಷಿತವಾದ ಉತ್ತರ ತಿಳಿದಿದ್ದಾಗ ತೋಳು ಆ ನಿರೀಕ್ಷೆಯ ಪ್ರತಿಧ್ವನಿಯನ್ನೇ ನುಡಿಯುತ್ತದೆ. ದೇಹ ಸುಳ್ಳಾಡುವುದಿಲ್ಲವೆಂಬ ಮಾತನ್ನು ಬೇಕಾದರೆ ಒಪ್ಪೋಣ, ಶಿಲಾಶಾಸನವೂ ಸುಳ್ಳಾಡುವುದಿಲ್ಲ. ಆದರೆ ಓದುವವನು ತಾನೇ ಉಳಿಯಿಂದ ಅಕ್ಷರವನ್ನು ತಿದ್ದುತ್ತ ಓದಿದರೆ, ಆ ಪಾಠವನ್ನು ಶಾಸನದ ಮಾತೆನ್ನಲು ಬರುತ್ತದೆಯೆ?

೬

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದೆಲ್ಲವನ್ನೂ ವೈದ್ಯರಿಗೆ ಬಿಟ್ಟು ಸುಮ್ಮನಿರಬಹುದಾಗಿತ್ತು. ಆದರೆ ಅಮೆರಿಕದ ಮನೋವೈದ್ಯ ಡೇವಿಡ್ ಹಾಕಿನ್ಸ್ (೧೯೨೭–೨೦೧೨) ಅವರು ೧೯೯೫ರಲ್ಲಿ ಪ್ರಕಟಿಸಿದ ‘ಪವರ್ ವರ್ಸಸ್ ಫೋರ್ಸ್’ ಎಂಬ ಪುಸ್ತಕ ನಮ್ಮ ಹೊಲದ ಬದುವನ್ನೇ ದಾಟಿ ಬಂದಿದೆ. ದೇಶಕಾಲಗಳ ಮಿತಿಯಿಲ್ಲದೆ ಯಾವ ಸಂಗತಿಯ ನಿಜವನ್ನೇ ಆಗಲಿ ತೋಳನ್ನೊತ್ತಿ ತಿಳಿಯಬಹುದೆಂಬುದು ಇದರ ಪ್ರಧಾನ ಪ್ರತಿಪಾದನೆ. ೧೦೦೦ದವರೆಗಿನ ಮಾಪನಶ್ರೇಣಿಯೊಂದನ್ನು ಕಲ್ಪಿಸಿ, ೨೦೦ರ ಮೇಲಿನದು ಸತ್ಯಕ್ಕೆ ಅಭಿಮುಖ, ಕೆಳಗಿನದು ವಿಮುಖ ಎಂದು ಗೊತ್ತುಮಾಡಿ, ವ್ಯಕ್ತಿಗಳಿಗೂ ಗ್ರಂಥಗಳಿಗೂ ರಾಜ್ಯಗಳಿಗೂ ಅಂಕಗಳನ್ನು ಹಂಚಿದ್ದಾರೆ. ಬುದ್ಧ, ಕೃಷ್ಣ, ಕ್ರಿಸ್ತರು ಶ್ರೇಣಿಯ ತುದಿಯಲ್ಲಿದ್ದಾರೆ; ಗಾಂಧಿಯವರಿಗೆ ಉನ್ನತ ಸ್ಥಾನ, ಬ್ರಿಟಿಷ್ ಸಾಮ್ರಾಜ್ಯಕ್ಕೆ ಕೆಳಗಿನ ಸ್ಥಾನ.

ಈ ಅಂಕಗಳು ನಮ್ಮ ಅಭಿಮಾನಕ್ಕೆ ಹಿತವಾಗಿ ತೋರಬಹುದು. ಹಿತವಾಗಿ ತೋರುವುದೇ ಎಚ್ಚರಿಕೆಗೆ ಕಾರಣವಾಗಬೇಕು. ಗಾಂಧಿಯವರ ವಿಷಯದಲ್ಲಿ ಈ ಪುಸ್ತಕದಿಂದ ನಮಗೆ ದೊರೆತ ಹೊಸ ತಿಳಿವಳಿಕೆ ಏನು? ೧೯೩೦ರ ಉಪ್ಪಿನ ಸತ್ಯಾಗ್ರಹ ಆ ಕಾಲದಲ್ಲಿಯೇ ಏಕೆ ಆರಂಭವಾಯಿತು, ೧೯೪೨ರ ಚಳವಳಿ ಒಂದೊಂದು ಪ್ರಾಂತದಲ್ಲಿ ಒಂದೊಂದು ರೂಪವನ್ನು ಏಕೆ ತಾಳಿತು ಎಂಬ ಯಾವ ಪ್ರಶ್ನೆಗೂ ಅಂಕ ಉತ್ತರ ಕೊಡದು. ಅದು ಓದುಗನ ಪೂರ್ವಾಭಿಪ್ರಾಯವನ್ನು ಸಂಖ್ಯೆಯ ವೇಷದಲ್ಲಿ ಅವನಿಗೇ ಹಿಂದಿರುಗಿಸುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಪರೀಕ್ಷಿಸುವವನೂ ಪರೀಕ್ಷಿತನೂ ೨೦೦ಕ್ಕಿಂತ ಮೇಲಿನ ಅಂಕದವರಾಗಿದ್ದರೆ ಮಾತ್ರ ಪರೀಕ್ಷೆ ಸರಿಯಾಗುವುದೆಂದು ಹಾಕಿನ್ಸ್ ಅವರ ನಿಯಮ. ಆ ಅಂಕವನ್ನು ಗೊತ್ತುಮಾಡುವ ಸಾಧನವಾದರೂ ಯಾವುದು? ಅದೇ ತೋಳು. ಫಲಿತಾಂಶ ಅನುಕೂಲವಾದರೆ ಪದ್ಧತಿ ಸರಿ. ಪ್ರತಿಕೂಲವಾದರೆ ಪರೀಕ್ಷಕನ ಅಂಕ ಸಾಲದು. ನಮ್ಮ ತಾರ್ಕಿಕರು ಆತ್ಮಾಶ್ರಯವೆಂದು ಕರೆದ ದೋಷಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ದುರ್ಲಭ. ಸೋಲಲು ಅವಕಾಶವೇ ಇಲ್ಲದ ವಾದ ಗೆದ್ದಿತೆಂಬುದಕ್ಕೆ ಅರ್ಥವಿಲ್ಲ. ಇತಿಹಾಸಕಾರನ ಮಾತಿಗೆ ಗೌರವವಿರುವುದು, ನಾಳೆ ಹೊಲದಲ್ಲಿ ದೊರೆಯುವ ಒಂದು ತಾಮ್ರಪಟ ಅದನ್ನು ಸುಳ್ಳು ಮಾಡಬಹುದೆಂಬುದರಿಂದಲೇ.

೭

ದೇಹವನ್ನೇ ಸಾಕ್ಷಿಯನ್ನಾಗಿ ಕರೆಯುವುದು ನಮ್ಮ ದೇಶಕ್ಕೆ ಹೊಸತಲ್ಲ. ಧರ್ಮಶಾಸ್ತ್ರಗಳಲ್ಲಿ ಹೇಳಿರುವ ‘ದಿವ್ಯ’ಗಳು ಇಂಥವೇ. ಯಾಜ್ಞವಲ್ಕ್ಯಸ್ಮೃತಿಯು ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ೫ ದಿವ್ಯಗಳನ್ನು ಹೇಳುತ್ತದೆ. ಅಗ್ನಿದಿವ್ಯದಲ್ಲಿ ಆರೋಪಿತನ ಅಂಗೈಗಳ ಮೇಲೆ ೭ ಅರಳಿ ಎಲೆಗಳನ್ನಿಟ್ಟು ದಾರದಿಂದ ಸುತ್ತಿ, ಕಾದ ಕಬ್ಬಿಣದ ಗುಂಡನ್ನು ಹೊರಿಸಿ ೭ ಮಂಡಲಗಳನ್ನು ನಡೆಸುತ್ತಿದ್ದರು. ಕೈ ಸುಡದಿದ್ದರೆ ಅವನು ಶುದ್ಧ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಅದು ಇಂದು ಬೀದರ್ ಜಿಲ್ಲೆಯ ಬಸವಕಲ್ಯಾಣ.

ದಿವ್ಯಗಳನ್ನು ಇಂದು ಯಾರೂ ಸಮರ್ಥಿಸರು. ಆದರೆ ಅವನ್ನು ಒಪ್ಪಿಕೊಂಡಿದ್ದ ಶಾಸ್ತ್ರಕಾರರು ಅವುಗಳ ಸುತ್ತ ಕಟ್ಟಿದ ಬೇಲಿಯನ್ನು ನೋಡಬೇಕು. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು ಮೊದಲು. ಅಂದರೆ ಪತ್ರ, ಅನುಭವದಲ್ಲಿರುವ ಸ್ವಾಧೀನ ಮತ್ತು ಕಂಡವರ ಮಾತು. ಇವುಗಳಲ್ಲಿ ಯಾವುದೂ ಇಲ್ಲದಾಗ ಮಾತ್ರ ದಿವ್ಯಕ್ಕೆ ಪ್ರವೇಶ. ಅದೂ ಈ ಐದು ದಿವ್ಯಗಳು ದೊಡ್ಡ ಅಭಿಯೋಗಗಳಲ್ಲಿ ಮಾತ್ರ. ಅಲ್ಲದೆ ಆರೋಪ ಹೊರಿಸಿದವನು, ಆರೋಪಿತನು ಶುದ್ಧನೆಂದು ತೇರ್ಗಡೆಯಾದರೆ ದಂಡವನ್ನು ತಾನು ಹೊರುವೆನೆಂದು ಒಪ್ಪಿಕೊಳ್ಳಬೇಕು. ಇದಕ್ಕೆ ‘ಶೀರ್ಷಕ’ವೆಂದು ಹೆಸರು.

ಈ ಎರಡು ನಿಯಮಗಳ ಪಕ್ಕದಲ್ಲಿ ಸ್ನಾಯುಪರೀಕ್ಷೆಯನ್ನಿಟ್ಟು ನೋಡಿದರೆ ಒಂಬೈನೂರು ವರ್ಷಗಳ ಹಿಂದಿನ ವ್ಯಾಖ್ಯಾನಕಾರನೇ ಹೆಚ್ಚು ಜಾಗರೂಕನಾಗಿ ಕಾಣುತ್ತಾನೆ. ರಕ್ತಪರೀಕ್ಷೆ, ಚರ್ಮಪರೀಕ್ಷೆ, ಕ್ರಮವಾದ ಆಹಾರಪರೀಕ್ಷೆಗಳೆಂಬ ಮಾನುಷ ಪ್ರಮಾಣಗಳು ಕೈಯಳತೆಯಲ್ಲಿರುವಾಗ ಇಲ್ಲಿ ದಿವ್ಯವನ್ನು ಮೊದಲಿಗೆ ತಂದಿದೆ. ನಿರ್ಣಯ ತಪ್ಪಾದರೆ ಪರೀಕ್ಷಕನು ಹೊರುವ ಶೀರ್ಷಕವೂ ಇಲ್ಲ, ತೆರುವವನು ರೋಗಿಯೊಬ್ಬನೇ.

೮

ತೆರಬೇಕಾದ ಬೆಲೆ ಅಲ್ಪವಾದುದಲ್ಲ. ಗೋಧಿ, ಹಾಲು, ಬೇಳೆಗಳು ಒಗ್ಗವೆಂಬ ಹುಸಿನಿರ್ಣಯದಿಂದ ಬೆಳೆಯುವ ಮಗುವಿನ ಊಟದಿಂದ ಒಂದೊಂದಾಗಿ ಆಹಾರಗಳು ಕಳಚಬಹುದು. ನಿಜವಾಗಿ ಒಗ್ಗದ ಆಹಾರವು ನಿರಪಾಯಕರವೆಂದು ತಟ್ಟೆಗೆ ಬರಬಹುದು. ಈ ಎರಡರಲ್ಲಿ ಎರಡನೆಯದು ಪ್ರಾಣಕ್ಕೇ ಸಂಚಕಾರ. ಆದುದರಿಂದಲೇ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯಸೇವೆಗೆ ಮಾರ್ಗದರ್ಶನ ಮಾಡುವ ‘ನೈಸ್’ ಸಂಸ್ಥೆಯು ೨೦೧೧ರಲ್ಲಿ, ಮಕ್ಕಳ ಆಹಾರದ ಅಲರ್ಜಿಯನ್ನು ನಿರ್ಣಯಿಸಲು ಅಪ್ಲೈಡ್ ಕಿನಿಸಿಯಾಲಜಿಯನ್ನು ಬಳಸಕೂಡದೆಂದು ಸ್ಪಷ್ಟವಾಗಿ ವಿಧಿಸಿತು. ನ್ಯೂಜಿಲೆಂಡಿನಲ್ಲಿ ಸ್ನಾಯುಪರೀಕ್ಷೆಯ ಒಂದು ಪ್ರಭೇದವನ್ನು ಅವಲಂಬಿಸಿ ರೋಗನಿರ್ಣಯ ಮಾಡುತ್ತಿದ್ದ ವೈದ್ಯರೊಬ್ಬರ ವಿಚಾರಣೆಯನ್ನು ನಡೆಸಿದ ಅಲ್ಲಿಯ ವೈದ್ಯರ ಶಿಸ್ತು ನ್ಯಾಯಮಂಡಲಿಯು, ಈ ಪರೀಕ್ಷೆಗೆ ಶಾಸ್ತ್ರೀಯ ಪ್ರಾಮಾಣ್ಯವಿದೆಯೆಂಬುದಕ್ಕೆ ನಂಬತಕ್ಕ ಆಧಾರವಿಲ್ಲವೆಂದು ೨೦೦೩ರಲ್ಲಿ ತೀರ್ಪಿತ್ತಿತು.

ಭಾರತದಲ್ಲಿ ಆಯುರ್ವೇದ, ಯೋಗ, ಯುನಾನಿ, ಸಿದ್ಧ, ಹೋಮಿಯೋಪತಿ ಮೊದಲಾದ ಪದ್ಧತಿಗಳಿಗೆ ಸರ್ಕಾರದ ಮನ್ನಣೆಯುಂಟು. ಸ್ನಾಯುಪರೀಕ್ಷೆ ಆ ಪಟ್ಟಿಯಲ್ಲಿಲ್ಲ. ಪ್ರಾಣಪಥ, ನಾಡಿ, ಚಕ್ರ ಎಂಬ ಪೌರಸ್ತ್ಯ ಪದಗಳು ಇದರ ಪುಸ್ತಕಗಳಲ್ಲಿ ಬರುವುದರಿಂದ ಇದು ನಮ್ಮ ಪ್ರಾಚೀನ ವಿದ್ಯೆಯ ಪುನರುಜ್ಜೀವನವೆಂದು ತಿಳಿಯುವುದೂ ಸಾಧುವಲ್ಲ. ಇದರ ಜನ್ಮಸ್ಥಳ ಡೆಟ್ರಾಯಿಟ್, ಜನ್ಮವರ್ಷ ೧೯೬೪.

ಈ ವಿದ್ಯೆಯತ್ತ ಜನರನ್ನು ಸೆಳೆಯುವ ಕಾರಣವನ್ನೂ ಅಲಕ್ಷಿಸಬಾರದು. ಜನಜಂಗುಳಿಯ ಆಸ್ಪತ್ರೆಯಲ್ಲಿ ಮುಖವನ್ನೂ ನೋಡದೆ ಚೀಟಿ ಬರೆದುಕೊಡುವ ವೈದ್ಯನಿಗಿಂತ, ಎದುರು ನಿಂತು, ಕೈ ಮುಟ್ಟಿ, ಮಾತು ಕೇಳುವ ಪರೀಕ್ಷಕ ರೋಗಿಗೆ ಆಪ್ತನಾಗಿ ಕಾಣುವುದು ಸಹಜ. ಸ್ಪರ್ಶನವೂ ಪ್ರಶ್ನವೂ ನಮ್ಮ ವೈದ್ಯಶಾಸ್ತ್ರದ ಮೂರು ಪರೀಕ್ಷೆಗಳಲ್ಲಿ ಎರಡು. ಇವನ್ನು ಮರೆತ ವೈದ್ಯನ ದೋಷ ದೋಷವೇ. ಆದರೆ ಆತ್ಮೀಯತೆ ಒಂದು ಗುಣ, ಪ್ರಾಮಾಣ್ಯ ಮತ್ತೊಂದು ಗುಣ. ಒಂದರ ಲೆಕ್ಕವನ್ನು ಮತ್ತೊಂದರಲ್ಲಿ ಜಮಾ ಮಾಡಲಾಗದು.

ಇಷ್ಟರಿಂದ ಫಲಿತವಾಗುವುದಿದು. ಸ್ನಾಯುವಿನ ಬಲವನ್ನು ಅಳೆಯುವ ಪರೀಕ್ಷೆ ಸ್ನಾಯುವಿನ ಮತ್ತು ಅದನ್ನು ನಡೆಸುವ ನರದ ವಿಷಯದಲ್ಲಿ ಒಳ್ಳೆಯ ಸಾಕ್ಷಿ. ಅದರಾಚೆಯ ಸಂಗತಿಗಳಲ್ಲಿ ಅದಕ್ಕೆ ತಿಳಿಯುವ ಅವಕಾಶವಿದ್ದುದೂ ಸಿದ್ಧವಾಗಿಲ್ಲ, ಅದು ಸ್ವತಂತ್ರವಾಗಿ ನುಡಿಯುವುದೆಂಬುದೂ ಸಿದ್ಧವಾಗಿಲ್ಲ. ಸಾಕ್ಷಿಯನ್ನು ಪರೀಕ್ಷಿಸುವ ಶ್ರಮವನ್ನು ತಪ್ಪಿಸಿ ನಿಜವನ್ನು ನೇರವಾಗಿ ಕೈಗಿಡುವೆವೆನ್ನುವ ಮಾರ್ಗಗಳು ಎಲ್ಲ ಕಾಲದಲ್ಲಿಯೂ ಹುಟ್ಟುತ್ತವೆ. ಅವುಗಳ ಆಕರ್ಷಣೆಯೂ ಆ ಶ್ರಮ ತಪ್ಪುವುದರಲ್ಲಿಯೇ ಇದೆ. ನಮ್ಮ ತರಗತಿಗಳಲ್ಲಿ ಆಧಾರಗಳ ವಿಮರ್ಶೆಯನ್ನು ಪಾಠವಾಗಿ ಕೇಳುವ ವಿದ್ಯಾರ್ಥಿ, ನಾಳೆ ತನ್ನ ಮನೆಯ ಕಾಯಿಲೆಯ ಮುಂದೆ ನಿಂತಾಗಲೂ ಅದೇ ಎರಡು ಪ್ರಶ್ನೆಗಳನ್ನು ಕೇಳಬಲ್ಲನಾದರೆ, ಇತಿಹಾಸದ ವ್ಯಾಸಂಗ ಪರೀಕ್ಷೆಯ ಆಚೆಗೂ ಅವನಿಗೆ ಪ್ರಯೋಜನಕ್ಕೆ ಬಂದಂತಾಯಿತು.